ತೂಕ ಇಳಿಸುವಾಗ, ಇಳಿದದ್ದನ್ನು ಉಳಿಸಿಕೊಳ್ಳುವಾಗ ಮನಸ್ಸಿಗೆ ಆಗುವುದೇನು? ಪದೇ ಪದೇ ಕೇಳುವ ಪ್ರಶ್ನೆಗಳು

ಏನು ತಿನ್ನಬೇಕು, ಎಷ್ಟು ನಡೆಯಬೇಕು ಎಂಬ ಮಾಹಿತಿಗೆ ಇವತ್ತು ಬರವಿಲ್ಲ. ಅದೆಲ್ಲ ಗೊತ್ತಿದ್ದೂ ಮೂರನೇ ತಿಂಗಳಿಗೆ ಕೈಚೆಲ್ಲುವುದೇಕೆ, ಹತ್ತು ಕಿಲೊ ಇಳಿದ ಮೇಲೂ ಮನಸ್ಸು ಹಗುರಾಗದಿರುವುದೇಕೆ, ಇಳಿದ ತೂಕ ಮರಳಿ ಬಂದಾಗಿನ ನಾಚಿಕೆಯನ್ನು ಏನು ಮಾಡುವುದು ಎಂಬುದನ್ನು ಮಾತ್ರ ಹೆಚ್ಚು ಜನ ಹೇಳುವುದಿಲ್ಲ. ಈ ಪುಟ ಅದಕ್ಕಾಗಿ. ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ: ತೂಕ ಇಳಿಸುವುದು ಒಂದು ಕೆಲಸ, ಉಳಿಸಿಕೊಳ್ಳುವುದು ಇನ್ನೊಂದು. ಎರಡನೆಯದಕ್ಕೇ ಹೆಚ್ಚು ತಯಾರಿ ಬೇಕು, ಆದರೆ ಎಲ್ಲರೂ ತಯಾರಾಗುವುದು ಮೊದಲನೆಯದಕ್ಕೆ.

ಡಯಟ್ ಶುರುವಾದಾಗಿನಿಂದ ಸಿಡುಕು, ದಿನವಿಡೀ ಊಟದ್ದೇ ಯೋಚನೆ. ನನ್ನ ಮನಸ್ಸು ಅಷ್ಟೊಂದು ದುರ್ಬಲವೇ?

ಇಲ್ಲ. ಕಡಿಮೆ ತಿಂದ ದೇಹ ಹೀಗೇ ನಡೆದುಕೊಳ್ಳುತ್ತದೆ. 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು 36 ಮಂದಿ ಆರೋಗ್ಯವಂತ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಯುದ್ಧದಿಂದ ಹಸಿದ ಜನರನ್ನು ಮತ್ತೆ ಚೇತರಿಸುವಂತೆ ಮಾಡುವುದು ಹೇಗೆಂದು ತಿಳಿಯುವುದು ಅವರ ಉದ್ದೇಶ. ಊಟ ದಿನಕ್ಕೆ ಸುಮಾರು 1,570 ಕ್ಯಾಲೊರಿ, ಜೊತೆಗೆ ವಾರಕ್ಕೆ ಸುಮಾರು 35 ಕಿಲೊಮೀಟರ್ ನಡಿಗೆ. ತೂಕ ಕಾಲು ಭಾಗದಷ್ಟು ಇಳಿಯಿತು. ಸಿಡಿಮಿಡಿ ಬಂತು, ಮಂಕು ಕವಿಯಿತು, ಜನರ ಜೊತೆ ಬೆರೆಯುವುದು ಬೇಡವಾಯಿತು, ಕಾಮಾಸಕ್ತಿ ಕುಗ್ಗಿತು. ಅಡುಗೆ ಪುಸ್ತಕದ ಗೊಡವೆಯೇ ಇಲ್ಲದಿದ್ದವರು ಅದನ್ನೇ ಓದುತ್ತ ಕೂತರು. ಆಯ್ದು ತಂದ ಗಟ್ಟಿಮನಸ್ಸಿನ ಯುವಕರ ಪಾಡು ಇದು. ಇಂದು ಕೈಗೆ ಸಿಗುವ ಎಷ್ಟೋ ಡಯಟ್ ಚಾರ್ಟ್‌ಗಳು 1,570ಕ್ಕಿಂತ ಕೆಳಗಿರುತ್ತವೆ ಎಂಬುದನ್ನು ಒಮ್ಮೆ ಯೋಚಿಸಿ.

ಇದರ ಹಿಂದಿನ ಯಂತ್ರಾಂಗ ಈಗ ಸಾಕಷ್ಟು ಗೊತ್ತು. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. 1994ರಲ್ಲಿ ಇದು ಪತ್ತೆಯಾಯಿತು. ಕೊಬ್ಬು ಕರಗಿದಂತೆ ಲೆಪ್ಟಿನ್ ಇಳಿಯುತ್ತದೆ, ಮೆದುಳು ಅದನ್ನು ಬರಗಾಲವೆಂದು ಓದುತ್ತದೆ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಏರುತ್ತದೆ. 2011ರಲ್ಲಿ ಮೆಲ್ಬರ್ನ್‌ನ ಸಂಶೋಧಕರು 10 ವಾರಗಳ ಕಟ್ಟುನಿಟ್ಟಿನ ಡಯಟ್ ಮುಗಿಸಿದವರನ್ನು ಒಂದು ವರ್ಷ ಕಳೆದು ನೋಡಿದಾಗಲೂ ಈ ಹಾರ್ಮೋನುಗಳು ಹಳೆಯ ಮಟ್ಟಕ್ಕೆ ಬಂದಿರಲಿಲ್ಲ, ಹಸಿವೂ ಹೆಚ್ಚೇ ಇತ್ತು. ಕೆವಿನ್ ಹಾಲ್ ಮತ್ತು ಸಹ ಸಂಶೋಧಕರ ಅಂದಾಜಿನ ಪ್ರಕಾರ ಇಳಿದ ಪ್ರತಿ ಕಿಲೊಗೆ ದೇಹ ದಿನಕ್ಕೆ 20ರಿಂದ 30 ಕ್ಯಾಲೊರಿ ಕಡಿಮೆ ಸುಡುತ್ತದೆ, ಹಸಿವು ಮಾತ್ರ ಸುಮಾರು 100 ಕ್ಯಾಲೊರಿಯಷ್ಟು ಜಾಸ್ತಿಯಾಗುತ್ತದೆ. ಜನ ಬೈಯುವುದು ಚಯಾಪಚಯವನ್ನು, ಅಂದರೆ ದೇಹ ಕ್ಯಾಲೊರಿ ಸುಡುವ ಬಗೆಯನ್ನು. ನಿಜವಾಗಿ ಹೆಚ್ಚು ಕಾಡುವುದು ಹಸಿವು.

ಹಾಗಾಗಿ ಮಾಡಬೇಕಾದದ್ದು ಇಷ್ಟು. ಕಡಿತವನ್ನು ದಿನಕ್ಕೆ 500 ಕ್ಯಾಲೊರಿಯೊಳಗೆ ಇಡಿ. ಪ್ರತಿ ಊಟದಲ್ಲೂ ಪ್ರೋಟೀನ್ ಇರಲಿ. ಎಚ್ಚರವಿರುವ ಹೊತ್ತಿನಲ್ಲಿ ಎರಡು ಊಟಗಳ ನಡುವೆ ಐದು ಗಂಟೆಗಿಂತ ಹೆಚ್ಚು ಅಂತರ ಬೇಡ. ಸಿಡುಕು ಎರಡು ವಾರ ದಾಟಿಯೂ ಹೋಗದಿದ್ದರೆ ದಿನದ ಊಟಕ್ಕೆ 200 ಕ್ಯಾಲೊರಿ ಮರಳಿ ಸೇರಿಸಿ ನೋಡಿ. ಇಳಿಕೆ ನಿಧಾನವಾಗುತ್ತದೆ, ಆದರೆ ಮನೆಯವರ ಜೊತೆ ಜಗಳ ಕಡಿಮೆಯಾಗುತ್ತದೆ. ಆರು ವಾರಕ್ಕೆ ಬಿಟ್ಟುಬಿಡುವ ಕಠಿಣ ಡಯಟ್‌ಗಿಂತ ಆರು ತಿಂಗಳು ನಡೆಯುವ ಸಡಿಲ ಡಯಟ್ ಎಷ್ಟೋ ವಾಸಿ.

ಇದು ಹೊಟ್ಟೆಯ ಹಸಿವೋ, ಮನಸ್ಸಿನದೋ ಎಂದು ತಿಳಿಯುವುದು ಹೇಗೆ?

ಹೊಟ್ಟೆಯ ಹಸಿವು ಮೆಲ್ಲಗೆ ಏರುತ್ತದೆ, ಯಾವ ಊಟ ಕೊಟ್ಟರೂ ಒಪ್ಪುತ್ತದೆ, ತಿಂದ ಮೇಲೆ ತಣ್ಣಗಾಗುತ್ತದೆ. ಮನಸ್ಸಿನದು ಏಕಾಏಕಿ ಏಳುತ್ತದೆ, ಇಂಥದ್ದೇ ಬೇಕೆಂದು ಹಟ ಹಿಡಿಯುತ್ತದೆ, ಹೊಟ್ಟೆ ಬಿರಿದರೂ ಸುಮ್ಮನಾಗುವುದಿಲ್ಲ. ಅನುಮಾನವಿದ್ದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈಗ ಎದುರಿಗೆ ಸಾದಾ ಊಟ ಇಟ್ಟರೆ ತಿನ್ನುತ್ತೇನೆಯೇ? ಹೌದಾದರೆ ತಿನ್ನಿ, ಅದು ಹಸಿವೇ.

ಎರಡೂ ಬೆರೆತು ಬರುವುದೇ ಹೆಚ್ಚು ಎಂಬ ಮಾತನ್ನೂ ಸೇರಿಸಬೇಕು. ಮಧ್ಯಾಹ್ನದ ಊಟ ಬಿಟ್ಟವರಿಗೆ ಸಂಜೆ ಏಳಕ್ಕೆ ಬರುವ ಚಪಲವನ್ನು ಬೇಸರದ ತಿನ್ನಾಟ ಎಂದು ಕರೆದು ಪರಿಹಾರ ಹುಡುಕುವುದರಲ್ಲಿ ಅರ್ಥವಿಲ್ಲ. ಅದಕ್ಕೆ ಪರಿಹಾರ ಮಧ್ಯಾಹ್ನದ ಊಟ.

ಬೇಸರವಾದರೆ, ಸಿಟ್ಟು ಬಂದರೆ ಕೈ ತಾನಾಗಿ ತಿಂಡಿ ಡಬ್ಬಿಗೆ ಹೋಗುತ್ತದೆ. ಇದನ್ನು ನಿಲ್ಲಿಸುವುದು ಹೇಗೆ?

ನಿಲ್ಲಿಸುವ ಮೊದಲು ಅದು ಏನು ಕೆಲಸ ಮಾಡಿಕೊಡುತ್ತಿದೆ ಎಂದು ಗುರುತಿಸಿ. ತಿನ್ನುವುದು ಸುಲಭವಾಗಿ ಸಿಗುವ, ಬೇಗ ಫಲ ಕೊಡುವ ಸಮಾಧಾನ. ಅದನ್ನು ಕಿತ್ತುಕೊಂಡು ಆ ಜಾಗದಲ್ಲಿ ಏನನ್ನೂ ಇಡದೆ ಹೋದರೆ ಎರಡು ವಾರದಲ್ಲಿ ಅದು ಹಿಂದಕ್ಕೆ ಬರುತ್ತದೆ. ಭಾವನಾತ್ಮಕ ತಿನ್ನಾಟದ ಬಗ್ಗೆ ಕೊಡುವ ಬಹುಪಾಲು ಸಲಹೆಗಳು ಸೋಲುವುದು ಇಲ್ಲಿಯೇ.

ಮೊದಲ ಎರಡು ವಾರ ಏನನ್ನೂ ಬದಲಿಸಬೇಡಿ, ಬರೆಯಿರಿ ಅಷ್ಟೆ. ಪ್ರತಿ ಸಲ ಊಟದ ಹೊತ್ತು ಬಿಟ್ಟು ತಿಂದಾಗ ನಾಲ್ಕು ವಿಷಯ: ಎಷ್ಟು ಹೊತ್ತು, ಎಲ್ಲಿದ್ದೆ, ಅದಕ್ಕೆ ಹತ್ತು ನಿಮಿಷ ಮೊದಲು ಏನಾಯಿತು, ಮನಸ್ಸು ಹೇಗಿತ್ತು. ಕ್ಯಾಲೊರಿ ಬರೆಯಬೇಡಿ, ಬರೆದರೆ ಇಡೀ ಪುಸ್ತಕ ತಪ್ಪೊಪ್ಪಿಗೆಯಾಗಿ ಬದಲಾಗಿ ಮೂರನೇ ದಿನಕ್ಕೆ ನಿಂತುಹೋಗುತ್ತದೆ. ಎರಡು ವಾರಕ್ಕೆ ಸಾಮಾನ್ಯವಾಗಿ ಎರಡು ಮೂರು ಸನ್ನಿವೇಶಗಳೇ ಮತ್ತೆ ಮತ್ತೆ ಕಾಣುತ್ತವೆ. ಕೆಲಸ ಮುಗಿಸಿ ಮನೆಗೆ ಬಂದ ಮೊದಲ ಅರ್ಧ ಗಂಟೆ, ಮಕ್ಕಳು ಮಲಗಿದ ಮೇಲಿನ ಹೊತ್ತು, ಒಬ್ಬ ನಿರ್ದಿಷ್ಟ ವ್ಯಕ್ತಿಯ ಫೋನ್ ಇಟ್ಟ ಕೂಡಲೇ, ಹೀಗೆ.

ಆಮೇಲೆ ಆ ಎರಡು ಮೂರಕ್ಕೆ ಮಾತ್ರ ಪರ್ಯಾಯ ಹುಡುಕಿ. ಭಾವನೆಗೆ ಹೊಂದುವ ಪರ್ಯಾಯವೇ ಬೇಕು. ದಣಿವಿಗೆ ವ್ಯಾಯಾಮ ಪರ್ಯಾಯವಾಗುವುದಿಲ್ಲ, ಹದಿನೈದು ನಿಮಿಷ ಕಣ್ಣು ಮುಚ್ಚಿ ಮಲಗುವುದು ಆಗುತ್ತದೆ. ಸಿಟ್ಟಿಗೆ ಬಿರುಸಾಗಿ ನಡೆಯುವುದು, ಕಳಿಸದ ಪತ್ರ ಬರೆಯುವುದು. ಒಂಟಿತನಕ್ಕೆ ಬಿಸಿನೀರಿನ ಸ್ನಾನ ಸಾಲದು, ಒಂದು ದನಿ ಬೇಕು. ಫೋನ್ ಮಾಡಬಹುದಾದ ಇಬ್ಬರ ಹೆಸರನ್ನು ಮೊದಲೇ ಬರೆದಿಟ್ಟುಕೊಳ್ಳಿ. ಬೇಜಾರಿಗೆ ಕೈ ತುಂಬ ಹಿಡಿಸುವ ಕೆಲಸ. ನಂತರ ಅದನ್ನು 'ಹೀಗಾದರೆ ಹೀಗೆ' ಎಂಬ ವಾಕ್ಯವಾಗಿ ಬರೆಯಿರಿ: ಮನೆಗೆ ಬಂದು ಚೀಲ ಇಟ್ಟ ಕೂಡಲೇ ಅಡುಗೆಮನೆಗೆ ಹೋಗದೆ ಕೋಣೆಗೆ ಹೋಗಿ ಬಟ್ಟೆ ಬದಲಿಸುತ್ತೇನೆ. ಮನಶ್ಶಾಸ್ತ್ರಜ್ಞ ಪೀಟರ್ ಗೊಲ್ವಿಟ್ಸರ್ 1990ರ ದಶಕದಲ್ಲಿ ಇಂಥ ವಾಕ್ಯಗಳ ಬಗ್ಗೆ ಕೆಲಸ ಮಾಡಿದವರು. 'ಇನ್ನು ಮುಂದೆ ಕಡಿಮೆ ತಿನ್ನುತ್ತೇನೆ' ಎಂಬ ಸಂಕಲ್ಪಕ್ಕಿಂತ ಹೊತ್ತು, ಜಾಗ, ಕ್ರಿಯೆ ಮೂರೂ ಇರುವ ವಾಕ್ಯ ಹೆಚ್ಚು ಫಲ ಕೊಡುತ್ತದೆ, ಏಕೆಂದರೆ ಆ ಗಳಿಗೆಯಲ್ಲಿ ಯೋಚಿಸುವ ಅಗತ್ಯವೇ ಇರುವುದಿಲ್ಲ.

ಚಪಲ ಎದ್ದೇ ಬಿಟ್ಟರೆ? ಅದರ ಜೊತೆ ಜಗಳಕ್ಕೆ ನಿಲ್ಲಬೇಡಿ, ತಿನ್ನಲೂ ಓಡಬೇಡಿ. ಇಪ್ಪತ್ತು ನಿಮಿಷದ ಅಲಾರಂ ಇಟ್ಟು, ದೇಹದಲ್ಲಿ ಅದು ಎಲ್ಲಿದೆ ಎಂದು ಗಮನಿಸಿ: ಗಂಟಲಿನಲ್ಲೋ, ಎದೆಯಲ್ಲೋ, ಬಾಯಲ್ಲೋ. ಏರಿದ ಚಪಲ ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ವ್ಯಸನಗಳ ಚಿಕಿತ್ಸೆಯಲ್ಲಿ ಅಲನ್ ಮಾರ್ಲಟ್ ಬಳಕೆಗೆ ತಂದ ವಿಧಾನವಿದು. ಅಲಾರಂ ಹೊಡೆದ ಮೇಲೂ ಬೇಕೆನಿಸಿದರೆ ತಟ್ಟೆಗೆ ಹಾಕಿಕೊಂಡು, ಕೂತು, ಬೇರೇನೂ ಮಾಡದೆ ತಿನ್ನಿ. ಕದ್ದು ನಿಂತು ತಿಂದದ್ದು ಲೆಕ್ಕಕ್ಕೂ ಸಿಗುವುದಿಲ್ಲ, ರುಚಿಗೂ ಸಿಗುವುದಿಲ್ಲ.

ಹೊಸ ಅಭ್ಯಾಸ 21 ದಿನಕ್ಕೆ ಕೂರುತ್ತದೆ ಎಂಬ ಮಾತನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಗಮನಿಸಿದಾಗ ಸರಾಸರಿ 66 ದಿನ ಬೇಕೆಂದು ಕಂಡಿತು, ಅದೂ 18ರಿಂದ 254ರವರೆಗೆ ಹರಡಿಕೊಂಡಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ.

ಒಂದು ದಿನ ಹಿಡಿತ ತಪ್ಪಿ ವಿಪರೀತ ತಿಂದೆ. ಎಲ್ಲ ಹಾಳಾಯಿತೇ?

ಲೆಕ್ಕ ಮಾಡಿ ನೋಡಿ. ಒಂದು ಕಿಲೊ ಕೊಬ್ಬು ಸೇರಲು ಸುಮಾರು 7,700 ಕ್ಯಾಲೊರಿ ಹೆಚ್ಚುವರಿ ಬೇಕು. ನೀವು 1,500 ಕ್ಯಾಲೊರಿ ಜಾಸ್ತಿ ತಿಂದಿದ್ದರೆ ಅದು ಸುಮಾರು 200 ಗ್ರಾಂ. ಮರುದಿನ ತೂಕದ ಯಂತ್ರ ತೋರಿಸುವ ಒಂದೂವರೆ ಕಿಲೊ ಬಹುಪಾಲು ನೀರು, ಉಪ್ಪು ಮತ್ತು ಹೊಟ್ಟೆಯಲ್ಲಿ ಇನ್ನೂ ಇರುವ ಊಟ.

ಹಾಳು ಮಾಡುವುದು ಆ ಊಟವಲ್ಲ, ಅದರ ನಂತರ ಬರುವ 'ಮುಳುಗಿದವನಿಗೆ ಚಳಿಯೇನು, ಮಳೆಯೇನು' ಎಂಬ ಮನಸ್ಥಿತಿ. 1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೋರಾ ಮ್ಯಾಕ್ ನಡೆಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಮೊದಲು ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಂ ಎದುರಿಗಿಟ್ಟಾಗ, ಡಯಟ್ ಯೋಚನೆಯಿಲ್ಲದವರು ಕಡಿಮೆ ತಿಂದರು, ಡಯಟ್‌ನಲ್ಲಿ ಮನಸ್ಸಿಟ್ಟವರು ಇನ್ನೂ ಹೆಚ್ಚು ತಿಂದರು. ನಿಯಮ ಹೇಗೂ ಮುರಿಯಿತು ಎಂಬ ಭಾವವೇ ಬಾಗಿಲು ತೆರೆಯಿತು.

ತಪ್ಪಿದ ಮೇಲೆ ಮಾಡುವ ದೊಡ್ಡ ತಪ್ಪು ಪ್ರಾಯಶ್ಚಿತ್ತ. ಮರುದಿನ ಉಪವಾಸ, ಎರಡು ಗಂಟೆ ಜಿಮ್, ಸಂಜೆಗೆ ತಡೆಯಲಾರದ ಹಸಿವು, ಮತ್ತೆ ವಿಪರೀತ ತಿನ್ನುವುದು. ಈ ಸುತ್ತು ಹೀಗೇ ಕಟ್ಟಿಕೊಳ್ಳುತ್ತದೆ. ಬದಲಿಗೆ ಮುಂದಿನ ಊಟವನ್ನು ಎಂದಿನ ಹೊತ್ತಿಗೆ, ಎಂದಿನಷ್ಟೇ ತಿನ್ನಿ. 'ನಾಳೆಯಿಂದ', 'ಸೋಮವಾರದಿಂದ' ಎಂದು ಮುಂದೂಡಬೇಡಿ. ಎರಡು ದಿನ ತೂಕ ನೋಡಬೇಡಿ. ತಿನ್ನುವ ಮೊದಲಿನ ಆರು ಗಂಟೆಯಲ್ಲಿ ಏನಾಗಿತ್ತು ಎಂದು ಎರಡು ಸಾಲು ಬರೆದು ಪುಸ್ತಕ ಮುಚ್ಚಿ.

ದಿನವೂ ತೂಕ ನೋಡಬೇಕೇ? ಬೆಳಗಿನ ಆ ಅಂಕಿ ಇಡೀ ದಿನ ಕೆಡಿಸುತ್ತದೆ.

ನೋಡುವವರಿಗೆ ಉಳಿಸಿಕೊಳ್ಳುವುದು ಸುಲಭವೆಂದು ಅಧ್ಯಯನಗಳು ಹೇಳುತ್ತವೆ, ಆದರೆ ಅದು ಎಲ್ಲರಿಗೂ ಒಗ್ಗುವ ಮದ್ದಲ್ಲ. ತೂಕ ಒಂದೇ ದಿನದಲ್ಲಿ ಒಂದರಿಂದ ಎರಡು ಕಿಲೊ ಹಿಂದೆ ಮುಂದೆ ಆಗುವುದು ಸಹಜ. ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಶೇಖರವಾಗುವ ಪ್ರತಿ ಗ್ರಾಂ ಗ್ಲೈಕೋಜನ್ (ದೇಹ ಕೂಡಿಡುವ ಸಕ್ಕರೆಯ ರೂಪ) ಜೊತೆಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಳ್ಳುತ್ತದೆ. ಮೊದಲ ವಾರ ದಬದಬ ಇಳಿಯುವುದೂ ಇದೇ ನೀರು, ಒಂದು ಊಟಕ್ಕೆ ಮೇಲೇರುವುದೂ ಇದೇ. ಮುಟ್ಟಿನ ಮುಂಚೆ, ಉಪ್ಪು ಜಾಸ್ತಿ ತಿಂದ ಮರುದಿನ, ಹೊಸ ವ್ಯಾಯಾಮ ಶುರುಮಾಡಿದ ವಾರ, ಮಲಬದ್ಧತೆಯಿದ್ದಾಗ ಅಂಕಿ ಮೇಲಿರುತ್ತದೆ.

ಅದಕ್ಕೇ ಒಂದು ದಿನದ ಅಂಕಿಗೆ ಬೆಲೆಯಿಲ್ಲ. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನನ್ನೂ ಕುಡಿಯುವ ಮೊದಲು, ಅದೇ ಯಂತ್ರದ ಮೇಲೆ ನೋಡಿ ಬರೆದಿಟ್ಟುಕೊಳ್ಳಿ. ಏಳು ದಿನದ್ದನ್ನು ಕೂಡಿ ಏಳರಿಂದ ಭಾಗಿಸಿ. ಹೋಲಿಸುವುದಿದ್ದರೆ ಈ ವಾರದ ಸರಾಸರಿಯನ್ನು ಕಳೆದ ವಾರದ ಸರಾಸರಿಯ ಜೊತೆ ಮಾತ್ರ.

ಅಂಕಿ ನೋಡಿ ಊಟ ಬಿಡುವುದು, ದಿನಕ್ಕೆ ಮೂರ್ನಾಲ್ಕು ಸಲ ಯಂತ್ರ ಹತ್ತುವುದು, ಅರ್ಧ ಕಿಲೊ ಏರಿದ್ದಕ್ಕೆ ಹೊರಗೆ ಹೋಗದೆ ಕೂರುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಯಂತ್ರವನ್ನು ಮನೆಯಿಂದಲೇ ತೆಗೆದಿಡಿ. ತಿಂಗಳಿಗೊಮ್ಮೆ ಸೊಂಟದ ಸುತ್ತಳತೆ ಸಾಕು. ತಿನ್ನುವ ಕಾಯಿಲೆಯ ಹಿನ್ನೆಲೆ ಇರುವವರು ಚಿಕಿತ್ಸಕರನ್ನು ಕೇಳದೆ ತೂಕ ನೋಡುವ ಅಭ್ಯಾಸವನ್ನೇ ಶುರುಮಾಡಬಾರದು.

ಒಂದೂವರೆ ತಿಂಗಳಿಂದ ತೂಕ ನಿಂತಲ್ಲೇ ನಿಂತಿದೆ. ಕೈಬಿಡೋಣ ಎನಿಸುತ್ತಿದೆ.

ಡಯಟ್ ಶುರುವಾಗಿ ಸುಮಾರು ಆರರಿಂದ ಒಂಬತ್ತು ತಿಂಗಳ ನಡುವೆ ಇಳಿಕೆ ನಿಲ್ಲುವುದು ಸಾಮಾನ್ಯ. ಹಗುರಾದ ದೇಹಕ್ಕೆ ಬೇಕಾದದ್ದು ಕಡಿಮೆ, ಹಸಿವು ಹೆಚ್ಚು, ತಟ್ಟೆಯ ಅಳತೆ ಗೊತ್ತಾಗದಂತೆ ಸಡಿಲವಾಗಿರುತ್ತದೆ. ಒಂದು ವಾರ ಎಲ್ಲವನ್ನೂ ತೂಗಿ ಬರೆದರೆ ಕಾರಣ ಬಹುಮಟ್ಟಿಗೆ ಸಿಗುತ್ತದೆ. ಆಗ ಎರಡು ದಾರಿ: ಇನ್ನೂ 150-200 ಕ್ಯಾಲೊರಿ ಕಡಿತ, ಇಲ್ಲವೇ ಎರಡು ತಿಂಗಳು ಇದೇ ತೂಕದಲ್ಲಿ ನಿಲ್ಲುವ ಅಭ್ಯಾಸ. ದಣಿದವರಿಗೆ ನಾವು ಹೇಳುವುದು ಎರಡನೆಯದನ್ನೇ. ಏರದೆ ನಿಂತಿದೆ ಎಂದರೆ, ಮುಂದೆ ವರ್ಷಗಟ್ಟಲೆ ಮಾಡಬೇಕಾದ ಕೆಲಸವನ್ನೇ ಈಗ ಮಾಡುತ್ತಿದ್ದೀರಿ ಎಂದರ್ಥ.

ಎಷ್ಟು ಕಿಲೊ ಗುರಿ ಇಟ್ಟುಕೊಳ್ಳಬೇಕು?

ಈ ಪ್ರಶ್ನೆಯ ಉತ್ತರದಲ್ಲೇ ಮುಂದಿನ ನಿರಾಶೆಯ ಬೀಜ ಇರುತ್ತದೆ. 1997ರಲ್ಲಿ ಗ್ಯಾರಿ ಫಾಸ್ಟರ್ ಮತ್ತು ಸಂಗಡಿಗರು 60 ಮಹಿಳೆಯರನ್ನು ಚಿಕಿತ್ಸೆಗೆ ಮುಂಚೆ ಕೇಳಿದಾಗ, ಸರಾಸರಿ ಗುರಿ ದೇಹತೂಕದ ಶೇ. 32ರಷ್ಟು ಇಳಿಯಬೇಕು ಎಂದಿತ್ತು. 17 ಕಿಲೊ ಇಳಿದರೆ ಅದು ನಿರಾಶೆ ಎಂದಿದ್ದರು. 48 ವಾರದ ನಂತರ ಇಳಿದದ್ದು ಸರಾಸರಿ 16 ಕಿಲೊ. ವೈದ್ಯರು ಬೆನ್ನು ತಟ್ಟುವ ಫಲಿತಾಂಶ ಅದು, ಆದರೆ ಅವರ ಮನಸ್ಸಿನಲ್ಲಿ ಸೋಲು.

ಶೇ. 5ರಿಂದ 10ರಷ್ಟು ಇಳಿದರೂ ರಕ್ತದೊತ್ತಡ, ಸಕ್ಕರೆ, ಮಂಡಿನೋವು ಸುಧಾರಿಸುತ್ತವೆ. ಮಧುಮೇಹದ ಅಂಚಿನಲ್ಲಿದ್ದವರ ಬಗ್ಗೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಶೇ. 7ರ ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ಚಟುವಟಿಕೆ ಗುರಿಯಾಗಿತ್ತು. ಮಧುಮೇಹ ಬರುವ ಸಂಭವ ಶೇ. 58ರಷ್ಟು ತಗ್ಗಿತು. 90 ಕಿಲೊ ಇರುವವರಿಗೆ ಶೇ. 7 ಎಂದರೆ ಆರು ಕಿಲೊ ಚಿಲ್ಲರೆ. ಮೊದಲ ಗುರಿ ಅಷ್ಟಿರಲಿ. ಮುಟ್ಟಿ, ಮೂರು ತಿಂಗಳು ನಿಂತು, ಬೇಕಿದ್ದರೆ ಮುಂದಿನದು.

ಗುರಿಯ ಕೆಳಗೆ ಇನ್ನೊಂದು ಪಟ್ಟಿ ಬರೆಯಿರಿ: ತೂಕ ಇಳಿದರೆ ಏನೇನು ಸರಿಹೋಗುತ್ತದೆ ಎಂದುಕೊಂಡಿದ್ದೀರಿ? ಮೆಟ್ಟಿಲು ಹತ್ತುವುದು, ಗೊರಕೆ, ಬಟ್ಟೆಯ ಅಳತೆ ಸರಿಹೋಗಬಹುದು. ಮದುವೆಯೊಳಗಿನ ಬಿರುಕು, ಕೆಲಸದಲ್ಲಿನ ಅಸಡ್ಡೆ, ಚಿಕ್ಕಂದಿನ ಕೀಳರಿಮೆ ಇದರಿಂದ ಸರಿಹೋಗುವುದಿಲ್ಲ. ಆ ಎರಡನೇ ಗುಂಪನ್ನು ಈಗಲೇ ಬೇರೆ ಮಾಡಿಟ್ಟರೆ ಗುರಿ ಮುಟ್ಟಿದ ದಿನದ ಆಘಾತ ತಪ್ಪುತ್ತದೆ.

ಇಪ್ಪತ್ತು ಕಿಲೊ ಇಳಿದಿದ್ದೇನೆ. ಕನ್ನಡಿಯಲ್ಲಿ ಮಾತ್ರ ಹಳೆಯ ದೇಹವೇ ಕಾಣುತ್ತದೆ.

ಮನಸ್ಸಿನಲ್ಲಿರುವ ದೇಹದ ಚಿತ್ರ ನಿಜವಾದ ದೇಹಕ್ಕಿಂತ ನಿಧಾನವಾಗಿ ಬದಲಾಗುತ್ತದೆ. ಅಗಲವಾದ ಬಾಗಿಲಲ್ಲೂ ಓರೆಯಾಗಿ ನುಸುಳುವುದು, ಅಂಗಡಿಯಲ್ಲಿ ಹಳೆಯ ಅಳತೆಗೇ ಕೈ ಹೋಗುವುದು, ಕುರ್ಚಿ ತಡೆಯುತ್ತದೋ ಇಲ್ಲವೋ ಎಂಬ ಅಳುಕು ತಿಂಗಳುಗಳವರೆಗೆ, ಕೆಲವರಿಗೆ ವರ್ಷಗಳವರೆಗೆ ಉಳಿಯುತ್ತವೆ. ಬಾಲ್ಯದಿಂದಲೂ ದಪ್ಪಗಿದ್ದವರಿಗೆ ಇನ್ನೂ ಹೆಚ್ಚು.

ಕಣ್ಣಿಗೆ ಪುರಾವೆ ಕೊಡುತ್ತ ಹೋಗಬೇಕು. ತಿಂಗಳಿಗೊಮ್ಮೆ ಅದೇ ಬಟ್ಟೆ, ಅದೇ ಗೋಡೆ, ಅದೇ ಬೆಳಕಿನಲ್ಲಿ ಒಂದು ಫೋಟೊ. ಹಳೆಯ ದೊಡ್ಡ ಬಟ್ಟೆಗಳಲ್ಲಿ ಒಂದನ್ನಿಟ್ಟು ಉಳಿದದ್ದನ್ನು ಕೊಟ್ಟುಬಿಡಿ. ಜೋಲಾಡುವ ಬಟ್ಟೆಯಲ್ಲಿ ಓಡಾಡಿದರೆ ಹೊಸ ದೇಹದ ಅಂಚು ಎಲ್ಲಿದೆ ಎಂದು ನಿಮಗೇ ತಿಳಿಯುವುದಿಲ್ಲ. ಕನ್ನಡಿ ಮುಂದೆ ಒಂದೇ ಭಾಗವನ್ನು ಹಿಡಿದು ಹಿಂಡಿ ನೋಡುವ ಅಭ್ಯಾಸವಿದ್ದರೆ ಅದನ್ನು ಬಿಡಿ, ಅದು ಅಸಮಾಧಾನವನ್ನು ಬೆಳೆಸುತ್ತದೆ.

ಜೋತುಬಿದ್ದ ಚರ್ಮದ ಬಗ್ಗೆ ಯಾರೂ ಮೊದಲೇ ಹೇಳದ್ದರಿಂದ ಅದು ಮೋಸದಂತೆ ಅನಿಸುತ್ತದೆ. ಬಹಳ ತೂಕ ಇಳಿದವರಲ್ಲಿ, ವಯಸ್ಸಾದವರಲ್ಲಿ, ದೀರ್ಘಕಾಲ ದಪ್ಪಗಿದ್ದವರಲ್ಲಿ ಇದು ಹೆಚ್ಚು. ಯಾವ ಕ್ರೀಮೂ ಇದನ್ನು ಬಿಗಿ ಮಾಡುವುದಿಲ್ಲ. ಸ್ನಾಯು ಬೆಳೆಸುವ ವ್ಯಾಯಾಮ ಸ್ವಲ್ಪ ತುಂಬಿಕೊಡುತ್ತದೆ. ಮಡಿಕೆಯಲ್ಲಿ ಹುಣ್ಣು, ಸೋಂಕು ಮರುಕಳಿಸುತ್ತಿದ್ದರೆ ಶಸ್ತ್ರಚಿಕಿತ್ಸೆಯ ಮಾತಾಡಬಹುದು, ಅದೂ ತೂಕ ಹಲವು ತಿಂಗಳು ಸ್ಥಿರವಾಗಿ ನಿಂತ ಮೇಲೆ.

ಎಲ್ಲರೂ ಹೊಗಳುತ್ತಾರೆ. ನನಗೇಕೆ ಕೋಪ ಬರುತ್ತದೆ?

ಏಕೆಂದರೆ 'ಈಗ ಎಷ್ಟು ಚೆನ್ನಾಗಿದ್ದೀರಿ' ಎಂಬ ಮಾತಿನೊಳಗೆ 'ಮೊದಲು ಹಾಗಿರಲಿಲ್ಲ' ಎಂಬುದೂ ಇದೆ. ಒಳಗಿನ ಮನುಷ್ಯ ಅದೇ ಇದ್ದು, ಜನರ ನಗು, ಮರ್ಯಾದೆ, ಗಮನ ಮಾತ್ರ ಹೆಚ್ಚಾದಾಗ ಹಿಂದಿನ ವರ್ಷಗಳಲ್ಲಿ ಹೇಗೆ ನಡೆಸಿಕೊಂಡಿದ್ದರು ಎಂಬುದು ಎದ್ದು ಕಾಣುತ್ತದೆ. ಆ ಕೋಪ ನ್ಯಾಯವಾದದ್ದು, ಅದಕ್ಕೆ ಚಿಕಿತ್ಸೆ ಬೇಕಿಲ್ಲ. ಬೇಡದ ಗಮನದಿಂದ ಭಯವಾಗುವವರೂ ಇದ್ದಾರೆ. ಹಿಂದೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಕೆಲವರಿಗೆ ದೇಹದ ಗಾತ್ರವೇ ರಕ್ಷಣೆಯಂತೆ ಅನಿಸಿರುತ್ತದೆ. ಅದು ಇಳಿಯುತ್ತಿದ್ದಂತೆ ಕಾರಣ ತಿಳಿಯದ ಆತಂಕ ಏರಿದರೆ, ತೂಕದ ಕೆಲಸವನ್ನು ತಡೆಹಿಡಿದು ಮೊದಲು ಮನೋಚಿಕಿತ್ಸಕರನ್ನು ಕಾಣುವುದು ಒಳ್ಳೆಯದು.

ಉತ್ತರ ಚಿಕ್ಕದಿರಲಿ. 'ಥ್ಯಾಂಕ್ಸ್' ಎಂದು ಮಾತು ಬದಲಿಸಬಹುದು. 'ಎಷ್ಟು ಕಿಲೊ, ಹೇಗೆ' ಎಂಬ ಪ್ರಶ್ನೆಗೆ ಲೆಕ್ಕ ಒಪ್ಪಿಸುವ ಹೊಣೆ ನಿಮ್ಮದಲ್ಲ.

ಮನೆಯಲ್ಲಿ, ಗೆಳೆಯರಲ್ಲಿ ನನ್ನ ಡಯಟ್ ಒಂದು ಜಗಳವಾಗಿದೆ.

ಜೊತೆಯಲ್ಲಿ ತಿನ್ನುವುದರ ಮೇಲೆ ನಿಂತ ಸಂಬಂಧಗಳು ಅಲುಗಾಡುತ್ತವೆ. ಕೆಲವರಿಗೆ ನಿಮ್ಮ ತಟ್ಟೆ ತಮ್ಮ ಮೇಲಿನ ಟೀಕೆಯಂತೆ ಕಾಣುತ್ತದೆ. ಸ್ವೀಡನ್ನಿನಲ್ಲಿ ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ಗಮನಿಸಿದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜೋಡಿಯಾಗಿದ್ದವರು ಬೇರೆಯಾಗುವುದೂ, ಒಂಟಿಯಾಗಿದ್ದವರು ಹೊಸ ಸಂಬಂಧ ಕಟ್ಟಿಕೊಳ್ಳುವುದೂ ಎರಡೂ ಹೆಚ್ಚಿತ್ತು.

'ನನಗೆ ಸಪೋರ್ಟ್ ಮಾಡಿ' ಎಂದರೆ ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ನಿರ್ದಿಷ್ಟವಾಗಿ ಕೇಳಿ: ಸಿಹಿ ಡಬ್ಬಿ ಮೇಲಿನ ಕಪಾಟಿನಲ್ಲಿರಲಿ, ನಾನು ಬೇಡ ಎಂದರೆ ಎರಡನೇ ಸಲ ಬಡಿಸಬೇಡಿ, ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಜೊತೆಗೆ ನಡೆಯಿರಿ. ನಿಮ್ಮ ಕಡೆಯಿಂದಲೂ ಒಂದು ಮಾತು ಕೊಡಿ: ಅವರ ತಟ್ಟೆಯ ಬಗ್ಗೆ ಚಕಾರ ಎತ್ತುವುದಿಲ್ಲ ಎಂದು.

ಗುರಿ ಮುಟ್ಟಿದೆ. ಈಗ ಒಳಗೆಲ್ಲ ಖಾಲಿ ಖಾಲಿ. ಮುಂದೇನು?

ಇಳಿಸುವಾಗ ಪ್ರತಿ ವಾರ ಒಂದು ಬಹುಮಾನವಿತ್ತು: ಅಂಕಿ ಇಳಿಯುತ್ತಿತ್ತು, ಜನ ಗಮನಿಸುತ್ತಿದ್ದರು, ಬಟ್ಟೆ ಸಡಿಲವಾಗುತ್ತಿತ್ತು. ಈಗ ಅಷ್ಟೇ ಶ್ರಮಕ್ಕೆ ಸಿಗುವ ಫಲ 'ಏನೂ ಆಗಲಿಲ್ಲ' ಎಂಬುದು. ಹೊಗಳಿಕೆ ನಿಲ್ಲುತ್ತದೆ, ಹಸಿವು ನಿಲ್ಲುವುದಿಲ್ಲ. ಹೆಚ್ಚಿನವರು ಜಾರುವುದು ಈ ನಡುವಿನ ಜಾಗದಲ್ಲಿ.

ಉಳಿಸಿಕೊಂಡವರು ಏನು ಮಾಡುತ್ತಾರೆ ಎಂಬುದಕ್ಕೆ ಅಮೆರಿಕದ ರಾಷ್ಟ್ರೀಯ ತೂಕ ನಿಯಂತ್ರಣ ನೋಂದಣಿ ಒಳ್ಳೆಯ ಆಕರ. 1994ರಲ್ಲಿ ರೀನಾ ವಿಂಗ್ ಮತ್ತು ಜೇಮ್ಸ್ ಹಿಲ್ ಶುರುಮಾಡಿದ್ದು, ಕನಿಷ್ಠ 13.6 ಕಿಲೊ ಇಳಿಸಿ ಒಂದು ವರ್ಷ ಉಳಿಸಿಕೊಂಡವರಿಗೆ ಮಾತ್ರ ಪ್ರವೇಶ. ಅವರಲ್ಲಿ ಶೇ. 75ರಷ್ಟು ಮಂದಿ ವಾರಕ್ಕೊಮ್ಮೆಯಾದರೂ ತೂಕ ನೋಡುತ್ತಾರೆ, ಶೇ. 78 ಮಂದಿ ದಿನವೂ ಬೆಳಗಿನ ತಿಂಡಿ ತಿನ್ನುತ್ತಾರೆ, ಶೇ. 90 ಮಂದಿ ಸರಾಸರಿ ದಿನಕ್ಕೆ ಒಂದು ಗಂಟೆ ವ್ಯಾಯಾಮ ಮಾಡುತ್ತಾರೆ. ಗೆದ್ದವರೇ ಮುಂದೆ ಬಂದು ಹೆಸರು ಬರೆಸಿದ ಪಟ್ಟಿ ಇದು ಎಂಬುದು ನೆನಪಿರಲಿ; ಇವುಗಳಿಂದಲೇ ಗೆದ್ದರು ಎಂದು ಹೇಳಲಾಗದು. ಆದರೆ ಒಂದು ಅಂಶ ಧೈರ್ಯ ಕೊಡುತ್ತದೆ: ಎರಡರಿಂದ ಐದು ವರ್ಷ ಉಳಿಸಿಕೊಂಡವರಲ್ಲಿ ಮುಂದೆಯೂ ಉಳಿಯುವ ಸಾಧ್ಯತೆ ಬಹಳ ಹೆಚ್ಚು.

2006ರಲ್ಲಿ ವಿಂಗ್ ಅವರ ತಂಡ, ತೂಕ ಇಳಿಸಿ ಮುಗಿಸಿದ್ದ 314 ಮಂದಿಯ ಮೇಲೆ ಒಂದು ವಿಧಾನವನ್ನು ಪರೀಕ್ಷಿಸಿತು. ತೂಕಕ್ಕೆ ಮೂರು ಬಣ್ಣ: ಗುರಿಗಿಂತ ಸುಮಾರು 1.4 ಕಿಲೊ ಏರುವವರೆಗೆ ಹಸಿರು, ಅದನ್ನು ದಾಟಿದರೆ ಹಳದಿ, 2.3 ಕಿಲೊ ಮುಟ್ಟಿದರೆ ಕೆಂಪು. 18 ತಿಂಗಳಲ್ಲಿ ಬರೀ ಮಾಹಿತಿ ಪತ್ರಿಕೆ ಪಡೆದವರಲ್ಲಿ ಶೇ. 72 ಮಂದಿ ಕೆಂಪಿಗೆ ಬಂದರು, ಮುಖಾಮುಖಿ ಕಲಿತವರಲ್ಲಿ ಶೇ. 46. ಇದನ್ನು ಮನೆಯಲ್ಲೇ ಅಳವಡಿಸಿಕೊಳ್ಳಬಹುದು. ಹಳದಿಗೆ ಏನು ಮಾಡುತ್ತೇನೆ, ಕೆಂಪಿಗೆ ಏನು ಮಾಡುತ್ತೇನೆ ಎಂಬುದನ್ನು ಹಸಿರಿನಲ್ಲಿರುವಾಗಲೇ ಬರೆದಿಡಿ. ಹಳದಿಗೆ: ಒಂದು ವಾರ ಊಟ ಬರೆಯುವುದು. ಕೆಂಪಿಗೆ: ಇಳಿಸುವ ಕಾಲದ ಊಟದ ಯೋಜನೆಗೆ ನಾಲ್ಕು ವಾರ ಮರಳುವುದು ಮತ್ತು ಒಬ್ಬರಿಗೆ ಹೇಳುವುದು. ಕೆಂಪಿಗೆ ಬಂದಾಗ ಯೋಜನೆ ಬರೆಯಲು ಕೂತರೆ ಬರೆಯುವುದು ನಾಚಿಕೆ. ನಾಚಿಕೆಗೆ ಯಂತ್ರವನ್ನು ಮಂಚದ ಕೆಳಗೆ ತಳ್ಳುವುದು ಮಾತ್ರ ಗೊತ್ತು.

ಖಾಲಿಯಾದ ಮನಸ್ಸಿಗೆ ತೂಕಕ್ಕೆ ಸಂಬಂಧಿಸದ ಗುರಿ ಬೇಕು. ಎಷ್ಟು ಭಾರ ಎತ್ತಬಲ್ಲೆ, ಎಷ್ಟು ದೂರ ಈಜಬಲ್ಲೆ ಎಂಬಂಥದ್ದು ಕೆಲವರಿಗೆ. ದೇಹದ ಗೊಡವೆಯೇ ಇಲ್ಲದ ಹೊಸ ಕಲಿಕೆ ಇನ್ನು ಕೆಲವರಿಗೆ. ಎರಡು ವರ್ಷ ಊಟದ ಲೆಕ್ಕದಲ್ಲೇ ಕಳೆದವರಿಗೆ ಎರಡನೆಯದೇ ಒಳ್ಳೆಯದು.

ಇಳಿದದ್ದರಲ್ಲಿ ಅರ್ಧ ಮರಳಿ ಬಂದಿದೆ. ಜನರ ಮುಖ ನೋಡಲು ನಾಚಿಕೆ.

ಮರಳಿ ಬರುವುದು ಅಪವಾದವಲ್ಲ, ಬಹುಪಾಲು ಜನರಿಗೆ ಸ್ವಲ್ಪವಾದರೂ ಬರುತ್ತದೆ. ಟಿವಿಯ ತೂಕ ಇಳಿಸುವ ಸ್ಪರ್ಧೆಯೊಂದರ 14 ಮಂದಿಯನ್ನು ಆರು ವರ್ಷದ ನಂತರ ಕೆವಿನ್ ಹಾಲ್ ತಂಡ ಪರೀಕ್ಷಿಸಿದಾಗ, ಅವರ ದೇಹ ವಿಶ್ರಾಂತಿಯಲ್ಲಿ ದಿನಕ್ಕೆ ನಿರೀಕ್ಷೆಗಿಂತ ಸುಮಾರು 500 ಕ್ಯಾಲೊರಿ ಕಡಿಮೆ ಸುಡುತ್ತಿತ್ತು. 2016ರಲ್ಲಿ ಪ್ರಕಟವಾದ ಫಲಿತಾಂಶವಿದು. ಅದು ತೀರ ವೇಗದ ಇಳಿಕೆಯ ಉದಾಹರಣೆ, ಎಲ್ಲರಿಗೂ ಅಷ್ಟಾಗುವುದಿಲ್ಲ.

ಅರ್ಧ ಬಂದಿದೆ ಎಂದರೆ ಅರ್ಧ ಬಂದಿಲ್ಲ. ಮೊದಲ ಕೆಲಸ ಇಳಿಸುವುದಲ್ಲ, ಏರಿಕೆಯನ್ನು ನಿಲ್ಲಿಸುವುದು: ನಾಲ್ಕು ವಾರ ಈಗಿನ ತೂಕದಲ್ಲೇ ನಿಲ್ಲಿ. ನಂತರ ಹಿಂದಿನ ಯೋಜನೆಯಲ್ಲಿ ಯಾವುದು ಮೊದಲು ಸಡಿಲವಾಯಿತು ಎಂದು ನೋಡಿ. ನಿದ್ದೆಯೇ, ನಡಿಗೆಯೇ, ಬರೆಯುವುದೇ? ನಿದ್ದೆಯನ್ನು ಹಗುರಾಗಿ ನೋಡಬೇಡಿ. 2004ರ ಸಣ್ಣ ಪ್ರಯೋಗವೊಂದರಲ್ಲಿ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿದ ಯುವಕರಲ್ಲಿ ಲೆಪ್ಟಿನ್ ಶೇ. 18 ಇಳಿದು ಗ್ರೆಲಿನ್ ಶೇ. 28 ಏರಿತ್ತು. ಒಂದೇ ಕೊಂಡಿಯನ್ನು ಮೊದಲು ಬಿಗಿ ಮಾಡಿ. ಎಲ್ಲವನ್ನೂ ಸೋಮವಾರ ಬೆಳಿಗ್ಗೆ ಒಟ್ಟಿಗೆ ಶುರುಮಾಡುವ ಆಸೆ ನಾಚಿಕೆಯಿಂದ ಹುಟ್ಟಿದ್ದು, ಹೆಚ್ಚು ದಿನ ಬಾಳುವುದಿಲ್ಲ.

ತೂಕ ಇಳಿಸುವ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದೇನೆ. ಊಟದ ಯೋಚನೆಯೇ ಬರುವುದಿಲ್ಲ, ಆದರೆ ಇದು ಮೋಸದ ದಾರಿ ಎನಿಸುತ್ತದೆ.

ರಕ್ತದೊತ್ತಡಕ್ಕೆ ಮಾತ್ರೆ ನುಂಗುವುದನ್ನು ಯಾರೂ ಮೋಸ ಎನ್ನುವುದಿಲ್ಲ. ಸೆಮಾಗ್ಲುಟೈಡ್‌ನಂಥ ಮದ್ದು ಮೆದುಳಿನ ಹಸಿವಿನ ಸಂಕೇತವನ್ನೇ ತಗ್ಗಿಸುತ್ತದೆ. ತಲೆಯೊಳಗಿನ ಊಟದ ಗದ್ದಲ ನಿಂತಾಗ, ಉಳಿದವರು ಇಷ್ಟು ದಿನ ಹೀಗೇ ಇದ್ದರೇ ಎಂದು ಹಲವರಿಗೆ ದುಃಖವಾಗುತ್ತದೆ. ಊಟದ ಸುಖವೂ ಮಂಕಾದೀತು. ಅದರ ಜಾಗಕ್ಕೆ ಬೇರೆ ಸಣ್ಣ ಸಂತೋಷಗಳನ್ನು ಬೇಕೆಂದೇ ಹುಡುಕಿಕೊಳ್ಳಬೇಕು. ನಿಲ್ಲಿಸುವ ಮೊದಲು ವೈದ್ಯರ ಜೊತೆ ಯೋಜನೆ ಮಾಡಿ: ದೊಡ್ಡ ಪ್ರಯೋಗವೊಂದರಲ್ಲಿ 68 ವಾರದ ನಂತರ ಮದ್ದು ನಿಲ್ಲಿಸಿದವರಿಗೆ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗ ಮರಳಿ ಬಂತು. ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಬೇರೆಯೇ ಎಚ್ಚರಿಕೆ: ಗ್ಯಾಸ್ಟ್ರಿಕ್ ಬೈಪಾಸ್ ನಂತರ ಮದ್ಯ ಬೇಗ ತಲೆಗೇರುತ್ತದೆ, ಎರಡನೇ ವರ್ಷದಿಂದ ಮದ್ಯದ ಸಮಸ್ಯೆ ಹೆಚ್ಚುವುದು ಅಧ್ಯಯನಗಳಲ್ಲಿ ಕಂಡಿದೆ.

ಯಾವಾಗ ವೈದ್ಯರ ಅಥವಾ ಮನೋಚಿಕಿತ್ಸಕರ ಸಹಾಯ ಬೇಕು?

ಕಡಿಮೆ ಹೊತ್ತಿನಲ್ಲಿ ವಿಪರೀತ ತಿನ್ನುವುದು, ಆಗ ನಿಲ್ಲಿಸಲಾಗದ ಭಾವ, ಆಮೇಲೆ ಅಸಹ್ಯ ಇವು ವಾರಕ್ಕೊಮ್ಮೆಯಾದರೂ ಮೂರು ತಿಂಗಳಿಂದ ನಡೆಯುತ್ತಿದ್ದರೆ ಅದು ಅತಿತಿನ್ನುವಿಕೆಯ ಕಾಯಿಲೆ ಇರಬಹುದು. 2013ರಿಂದ ಅಮೆರಿಕದ ಮನೋವೈದ್ಯಕೀಯ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವಿದೆ, ಚಿಕಿತ್ಸೆಯೂ ಇದೆ. ಇದಿರುವಾಗ ಕಟ್ಟುನಿಟ್ಟಿನ ಡಯಟ್ ಹಿಡಿದರೆ ಕಾಯಿಲೆ ಉಲ್ಬಣಿಸುವ ಅಪಾಯವಿದೆ. ತಿಂದು ವಾಂತಿ ಮಾಡಿಕೊಳ್ಳುವುದು, ಭೇದಿ ಮಾತ್ರೆ ನುಂಗುವುದು, ಮುಟ್ಟು ನಿಲ್ಲುವುದು, ತಲೆಸುತ್ತಿ ಬೀಳುವುದು ಕಂಡರೆ ಮೂರು ತಿಂಗಳು ಕಾಯಬೇಡಿ, ಈ ವಾರವೇ ಹೋಗಿ. ಎರಡು ವಾರ ಬಿಡದ ಮಂಕು ಇದ್ದರೂ ಹೋಗಿ. ಬದುಕು ಬೇಡವೆನಿಸಿದರೆ ಅದೇ ದಿನ, ಒಬ್ಬರನ್ನು ಜೊತೆಗೆ ಕರೆದುಕೊಂಡು.

ನಮ್ಮ ಮನೆಯವರೊಬ್ಬರು ತೂಕ ಇಳಿಸುತ್ತಿದ್ದಾರೆ. ಏನು ಹೇಳಬೇಕು, ಏನು ಹೇಳಬಾರದು?

ತೂಕದ ಬಗ್ಗೆ ಅವರಾಗಿ ಮಾತೆತ್ತುವವರೆಗೆ ನೀವು ಎತ್ತಬೇಡಿ, ಹೊಗಳಲಿಕ್ಕೂ ಬೇಡ. 'ಇದನ್ನು ತಿನ್ನಬಹುದಾ ನೀನು?' ಎಂಬ ಪ್ರಶ್ನೆಯನ್ನು ಪೂರ್ತಿ ಕೈಬಿಡಿ. ಎದುರಿಗೆ ಕಾವಲಿದ್ದರೆ ತಿನ್ನುವುದು ಮರೆಗೆ ಹೋಗುತ್ತದೆ. ಮಕ್ಕಳ ತೂಕದ ಬಗ್ಗೆ ತಮಾಷೆ ಮಾಡುವುದಂತೂ ಸಲ್ಲದು. ದೊಡ್ಡವರ ಕೀಟಲೆ ಮಕ್ಕಳ ತೂಕ ಇಳಿಸುವುದಿಲ್ಲ, ಕದ್ದು ತಿನ್ನುವುದನ್ನು ಕಲಿಸುತ್ತದೆ. ಅವರು ನಡೆಯಲು ಹೊರಟಾಗ ನೀವೂ ಚಪ್ಪಲಿ ಮೆಟ್ಟಿ ಹೊರಡಿ, ದಾರಿಯಲ್ಲಿ ಬೇರೆ ಏನಾದರೂ ಮಾತಾಡಿ.